ನಾಲ್ಕು ದಿನದ ಹಾಲು

ಬತೂಲಬಿ ತಟ್ಟೆಯನ್ನು ಎಸೆಯಲಿಲ್ಲ. ಎಸೆದಿದ್ದರೆ ಕೂಗಾಟವಾಗಿ, ಅಕ್ಕಪಕ್ಕದವರು ಸೇರಿ, ಸಂಜೆಯೊಳಗೆ ಎಲ್ಲ ತಣ್ಣಗಾಗುತ್ತಿತ್ತು. ಅವಳು ಹೊಸ್ತಿಲಿನ ಆಚೆಗೇ ನಿಂತು, ಕೆಂಪು ಬಟ್ಟೆಯ ಗಂಟನ್ನೂ ಬಿಚ್ಚದೆ, ಹಿಂದಿನ ದಿನ ಹೆಣ್ಣಿನ ಮನೆಯಿಂದ ಹೋಗಿದ್ದ ಕೊಬ್ಬರಿ ಲಾಡಿನ ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

“ತಗೊಳ್ಳಿ. ಇದು ನಮ್ಮನೇಲಿ ಗಂಟಲಿಳಿಯಲ್ಲ.”

ಹಟ್ಟಿಯಲ್ಲಿದ್ದ ಹೆಣ್ಣಿನ ಅಪ್ಪ ಪೀರೂ ಸಗಣಿಯ ಕೈಯಲ್ಲೇ ಓಡಿಬಂದ. ಹುಡುಗಿಯಲ್ಲಿ ಏನು ಕೊರತೆ ಕಂಡಿತೆಂದು ಕೇಳಿದ. ಕಪ್ಪು ಅಂದಳು ಬತೂಲಬಿ. ರೊಟ್ಟಿ ದುಂಡಗೆ ಬರುವುದಿಲ್ಲವಂತೆ ಅಂದಳು. ನಡೆದರೆ ನೆಲ ಗುದ್ದಿದ ಹಾಗೆ ಸದ್ದಾಗುತ್ತದೆ ಅಂದಳು. ಒಂದೊಂದು ಮಾತಿಗೂ ಪೀರೂನ ಕಿವಿ ಕೆಂಪಾಗುತ್ತ ಹೋಯಿತು.

“ಕಪ್ಪಾ? ನಿಮ್ಮ ಮಗ ಖೈರಾತಿಯನ್ನ ಹಾಲಲ್ಲಿ ತೊಳೆದು ಸಾಕಿದ್ರಾ ಜಮಾದಾರ್ನಿ? ಬೋಗುಣಿಯ ತಳ ಇದ್ದಂಗೆ ಇದಾನೆ!”

ಹಾಲು ಎಂಬ ಮಾತು ಬಿದ್ದದ್ದೇ ಬತೂಲಬಿಯ ಕಣ್ಣು ಒಳಗೆ, ಒಲೆಯ ಹತ್ತಿರ ನಿಂತಿದ್ದ ಪೀರೂನ ಹೆಂಡತಿ ಶಕೂರಾಳ ಕಡೆಗೆ ಒಮ್ಮೆ ಹಾರಿ ಹಿಂದಿರುಗಿತು. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು ಇಳಿಜಾರಿನ ದಾರಿ ಹಿಡಿದಳು. ಸೊಂಟಕ್ಕೆ ಸಿಕ್ಕಿಸಿದ, ಅವಳು ಕಾಯುವ ಹೆಂಗಸರ ಜೈಲಿನ ಬೀಗದ ಕೈ ಗೊಂಚಲು ಬೇಲಿಯ ತಿರುವಿನ ತನಕ ಜಣಜಣ ಅನ್ನುತ್ತ ಹೋಯಿತು. ಒಳಮನೆಯ ಚಾಪೆಯ ಮೇಲೆ ಹದಿನಾರು ವರ್ಷದ ಜೈತೂನಿ ಮುಖಕ್ಕೆ ದುಪ್ಪಟ್ಟಾ ಒತ್ತಿಕೊಂಡು ಅಳುತ್ತಿದ್ದಳು.

ಮನೆಯಲ್ಲಿ ಎಂಥ ಗೋಳಿದ್ದರೂ ಹಸುವಿನ ಕೆಚ್ಚಲಿಗೆ ಅದು ತಿಳಿಯುವುದಿಲ್ಲ. ಶಕೂರಾ ತಂಬಿಗೆ ಹಿಡಿದು ಹಟ್ಟಿಗೆ ಹೋದಳು. ಕೆಂದಿಯ ಪಕ್ಕೆಗೆ ಹಣೆಯೊತ್ತಿ ಕೂತು ಕರೆಯತೊಡಗಿದಳು. ನೊರೆ ತುಂಬುತ್ತ ಬಂದ ಹಾಗೆ ಅವಳ ಎದೆಯ ಭಾರ ಇಳಿಯಿತು. ‘ಅಲ್ಲಾ, ನೀನೇ ಕಾಪಾಡಿದೆ’ ಎಂದು ಮನಸ್ಸು ತಾನಾಗಿ ಅಂದುಕೊಂಡಿತು. ಅಂದುಕೊಂಡ ಮೇಲೆ ನಾಚಿಕೆಯಾಯಿತು. ಒಳಗೆ ಹೊಟ್ಟೆಯ ಮಗಳು ಅಳುತ್ತಿದ್ದಾಳೆ, ಇಲ್ಲಿ ತಾಯಿ ಮದುವೆ ಮುರಿಯಿತೆಂದು ದೇವರಿಗೆ ಕೈ ಮುಗಿಯುತ್ತಿದ್ದಾಳೆ... ಇಂಥ ತಾಯಿ ಎಲ್ಲಾದರೂ ಉಂಟೇ?

ಆ ದ್ವೀಪದಲ್ಲಿ ಒಂದು ಮರ್ಯಾದೆಯಿತ್ತು. ಗಡೀಪಾರಾಗಿ ಪೋರ್ಟ್ ಬ್ಲೇರಿನ ದಂಡೆಗೆ ಇಳಿದವರನ್ನು ‘ಯಾವ ಹಡಗಲ್ಲಿ ಬಂದೆ’ ಎಂದು ಯಾರು ಬೇಕಾದರೂ ಕೇಳಬಹುದು. ‘ಏನು ಮಾಡಿ ಬಂದೆ’ ಎಂದು ಯಾರೂ ಕೇಳಬಾರದು. ಗಂಡ ಹೆಂಡತಿಯನ್ನು ಕೇಳುವುದಿಲ್ಲ, ಮಕ್ಕಳು ತಂದೆತಾಯಿಯನ್ನು ಕೇಳುವುದಿಲ್ಲ. ಕುಡಿದು ಬಡಿದಾಡುವ ಗಂಡಸರು ಅಜ್ಜ ಮುತ್ತಜ್ಜರನ್ನೆಲ್ಲ ಎಳೆದು ತಂದಾರು, ಆ ಒಂದು ಮಾತು ತರಲಾರರು. ಗುಟ್ಟೆಲ್ಲ ಇದ್ದದ್ದು ಕೊರಳಿಗೆ ಕಟ್ಟಿದ್ದ ಮರದ ಬಿಲ್ಲೆಯಲ್ಲಿ. ನಂಬರು, ಯಾವ ಅಪರಾಧವೆಂದು ಹೇಳುವ ಕಲಮು, ಶಿಕ್ಷೆಯ ತಾರೀಖು. ಶಿಕ್ಷೆ ಮುಗಿದವರು ಅದನ್ನು ಸಮುದ್ರಕ್ಕೆ ಬಿಸಾಡುತ್ತಿದ್ದರು. ಶಕೂರಾ ಮಾತ್ರ ತನ್ನದನ್ನು ಅಕ್ಕಿಯ ಮಡಕೆಯ ತಳದಲ್ಲಿ ಹೂತಿಟ್ಟಿದ್ದಳು. ಯಾಕೆಂದು ಅವಳಿಗೇ ತಿಳಿಯದು.

ಅವಳು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಾಜೀಪುರದ ಕಡೆಯ ಹಳ್ಳಿ. ಹದಿನೇಳಕ್ಕೇ ಗಂಡ ಸತ್ತ. ಸತ್ತು ಎರಡು ವರ್ಷದ ಮೇಲೆ ಅವಳ ಹೊಟ್ಟೆಯಲ್ಲಿ ಮಗು ನಿಂತಿತು. ಯಾರದೆಂದು ಆ ಮನೆಯ ಗಂಡಸರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಹೊಟ್ಟಿನ ಕೋಣೆಯಲ್ಲಿ ಒಬ್ಬಳೇ ಹೆತ್ತಳು. ಆಚೆ ಅಂಗಳದಲ್ಲಿ ಮಾವ ಹುಕ್ಕಾ ಸೇದುತ್ತ ಕೂತಿದ್ದ. ಮಗು ಅಳುವುದಕ್ಕೆ ಬಾಯಿ ತೆರೆಯಿತು. ಅಳು ಕೇಳಬಾರದು ಎಂದು ಅವಳು ಅದರ ಬಾಯಿಯ ಮೇಲೆ ಕೈಯಿಟ್ಟಳು. ಮಾವ ಎದ್ದು ಹೋಗುವ ತನಕ ಇಟ್ಟುಕೊಂಡಳು... ಕೈ ತೆಗೆದಾಗ ಅಳುವುದಕ್ಕೆ ಏನೂ ಉಳಿದಿರಲಿಲ್ಲ.

ಐದು ತಿಂಗಳಾದ ಮೇಲೆ ಅವಳನ್ನು ಕಲ್ಕತ್ತೆಯಲ್ಲಿ ಹಡಗು ಹತ್ತಿಸಿದರು. ಹಡಗಿನ ಹೊಟ್ಟೆಯಲ್ಲಿ ಇಪ್ಪತ್ತಾರು ಹೆಂಗಸರು, ಒಂದೇ ಒಂದು ಹಸುಗೂಸು. ಗೂಸಿನ ತಾಯಿಯೇ ಬತೂಲಬಿ. ಮೊದಲ ದಿನವೇ ಅವಳಿಗೆ ವಾಂತಿ ಹತ್ತಿಕೊಂಡಿತು, ಮೇಲೆ ಜ್ವರ ಬಂತು. ಮೈಮೇಲೆ ಪ್ರಜ್ಞೆಯಿಲ್ಲ, ಎದೆ ಬತ್ತಿಹೋಗಿದೆ. ಮಗು ಅತ್ತು ಅತ್ತು ಬೆಕ್ಕಿನ ಮರಿಯ ಹಾಗೆ ಕೀರತೊಡಗಿತು. ಉಳಿದ ಹೆಂಗಸರು ತಮ್ಮ ತಮ್ಮ ಸಂಕಟದಲ್ಲಿ ಮಗುಚಿ ಬಿದ್ದಿದ್ದರು. ಶಕೂರಾ ಕಿವಿ ಮುಚ್ಚಿಕೊಂಡಳು. ಜೈಲಿನಲ್ಲಿ ಬಟ್ಟೆ ಬಿಗಿದು ಬಿಗಿದು ಬತ್ತಿಸಿದ್ದೆನೆಂದುಕೊಂಡಿದ್ದ ಹಾಲು ಆ ಅಳುವಿಗೆ ಚುರ್ರೆಂದು ಇಳಿದು ರವಿಕೆ ಒದ್ದೆಯಾಯಿತು. ತೆವಳುತ್ತ ಹೋದಳು. ಮಗುವನ್ನು ಎತ್ತಿಕೊಂಡಳು. ಮೊದಲು ಹನಿಯಷ್ಟೇ ಬಂತು. ಅದು ಬಿಡಲಿಲ್ಲ, ಮರುದಿನಕ್ಕೆ ಹೊಟ್ಟೆ ತುಂಬುವಷ್ಟಾಯಿತು. ನಾಲ್ಕು ದಿನ, ದಡ ಕಾಣುವ ತನಕ, ಯಾರೂ ನೋಡದ ಹಾಗೆ ಮುಸುಕಿನೊಳಗೆ ಕುಡಿಸಿದಳು. ಐದನೆಯ ದಿನ ಬತೂಲಬಿ ಕಣ್ಣುಬಿಟ್ಟಾಗ ಮಗು ಅವಳ ಪಕ್ಕದಲ್ಲೇ ಕೈಕಾಲು ಆಡಿಸುತ್ತ ಮಲಗಿತ್ತು. ಖುದಾ ಕೊಟ್ಟ ಭಿಕ್ಷೆ ಎಂದು ಎಲ್ಲರೂ ಸೇರಿ ಅದಕ್ಕೆ ಖೈರಾತಿ ಎಂದು ಹೆಸರಿಟ್ಟರು. ಶಕೂರಾ ಮೂಲೆಯಲ್ಲಿ ಕೂತು ಎದೆಗೆ ಮತ್ತೆ ಬಟ್ಟೆ ಬಿಗಿದುಕೊಂಡಳು.

ಆ ಹಾಲು ಈಗ ಬಂದು ಮಗಳ ಮದುವೆಗೆ ಅಡ್ಡ ನಿಂತಿತ್ತು. ಒಂದೇ ಎದೆಯ ಹಾಲು ಕುಡಿದವರು ಒಂದೇ ಹೊಟ್ಟೆಯವರ ಹಾಗೆ. ಖೈರಾತಿ ಜೈತೂನಿಗೆ ಅಣ್ಣನಾಗಬೇಕು, ಗಂಡನಾಗುವ ಹಾಗಿಲ್ಲ. ಹೇಳಿಬಿಡಬಹುದಿತ್ತು. ಆದರೆ ಹಾಲು ಎಲ್ಲಿಂದ ಬಂತು ಎಂಬ ಮಾತು ಬಂದೇ ಬರುತ್ತದೆ. ಹಾಲಿದ್ದರೆ ಮಗು ಇದ್ದಿರಬೇಕು. ಮಗು ಎಲ್ಲಿ ಹೋಯಿತು? ತಾನು ಸಾವಿರ ಸಲ ಮುತ್ತಿಟ್ಟು ಬೆಳೆಸಿದ ಆ ಹುಡುಗಿ ತನ್ನ ಕೈಯನ್ನು ನೋಡುವ ನೋಟ ಆ ದಿನದಿಂದ ಬೇರೆಯಾಗುತ್ತದೆ. ಶಕೂರಾ ಹೆದರಿದ್ದು ಅದಕ್ಕೊಂದಕ್ಕೇ.

ಅದಕ್ಕೇ ಬತೂಲಬಿ ಬೇಡವೆಂದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಒಲ್ಲೆ ಎಂದವಳು ಬೇರೆಯವಳು, ಕೆಟ್ಟ ಹೆಸರೂ ಅವಳಿಗೇ ಇರಲಿ. ಹೇಗೂ ಬತೂಲಬಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಹೆಂಗಸರ ಜೈಲಿನಲ್ಲಿ ಅವಳ ಬೀಗದ ಕೈ ಸದ್ದಿಗೇ ಮಾತು ನಿಲ್ಲುತ್ತಿತ್ತು. ಒಂದೇ ಹಡಗಿನಲ್ಲಿ ಬಂದವರು ಇಲ್ಲಿ ಅಕ್ಕತಂಗಿಯರಿದ್ದಂತೆ, ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗಿ ಉಂಡು ಬರುತ್ತಾರೆ. ಬತೂಲಬಿ ಮಾತ್ರ ಶಕೂರಾಳ ನೆರಳು ಕಂಡರೂ ಮುಖ ತಿರುಗಿಸುತ್ತಿದ್ದಳು. ಪೀರೂ ಹಾಲು ಮಾರುವವನು, ಅವಳ ಬಾಗಿಲ ಮುಂದೆಯೇ ದಿನಾ ಹಾದುಹೋಗುತ್ತಾನೆ. ಆದರೂ ಅವಳು ಎರಡು ಮೈಲಿ ಆಚೆಯ ಬಂಗಾಲಿಯ ಹತ್ತಿರ ಹಾಲು ತರಿಸುತ್ತಿದ್ದಳು. ಜೈಲಿನ ಜಮಾದಾರ್ನಿಗೆ ಎಲ್ಲರ ಬಿಲ್ಲೆಯೂ ಗೊತ್ತು, ತನ್ನ ಕಲಮು ನೆನಪಿಟ್ಟುಕೊಂಡು ಅಸಹ್ಯಪಡುತ್ತಾಳೆ ಎಂದೇ ಶಕೂರಾ ತಿಳಿದಿದ್ದಳು.

ಆದರೆ ಮಕ್ಕಳು ಸುಮ್ಮನಾಗಲಿಲ್ಲ. ಖೈರಾತಿ ಬಂದರಿನಲ್ಲಿ ದೋಣಿ ನಡೆಸುವ ಹುಡುಗ. ಅಲೆ ಎದ್ದರೆ ನಗುವವನು, ತಾಯಿ ಎದ್ದರೆ ಹೆದರುವವನು. ಈ ಸಲ ಮಾತ್ರ ತಾಯಿಗೂ ಹೆದರಲಿಲ್ಲ. ಮಂಗಳವಾರ ಬಂದು ಪೀರೂನ ಕಾಲ ಹತ್ತಿರ ಕುಳಿತ. ತನಗೆ ಇಪ್ಪತ್ತೆರಡಾಯಿತು, ತಾಯಿ ಒಲ್ಲೆ ಎನ್ನಲು ಒಂದು ನೆಟ್ಟಗಿನ ಕಾರಣ ಹೇಳಲಿ ನೋಡೋಣ, ರೊಟ್ಟಿ ದುಂಡಗಿಲ್ಲವೆಂದು ಯಾರಾದರೂ ಮದುವೆ ಬಿಡುತ್ತಾರೆಯೇ, ಚೌಕವಾಗಿದ್ದರೂ ತಿನ್ನುತ್ತೇನೆ ಎಂದ. ಪೀರೂ ನಕ್ಕುಬಿಟ್ಟ. ಬರುವ ಶುಕ್ರವಾರ ನಿಕಾಹ್ ಎಂದು ಮಾತು ಕೊಟ್ಟೂ ಬಿಟ್ಟ. ಒಳಗಿನಿಂದ ಜೈತೂನಿಯ ಬಳೆ ಸದ್ದಾಯಿತು.

“ಏನೇ, ನೀನ್ಯಾಕೆ ಮಾತೇ ಆಡ್ತಿಲ್ಲ?” ಎಂದು ಆಮೇಲೆ ಪೀರೂ ಹೆಂಡತಿಯನ್ನು ಕೇಳಿದ.

“ತಾಯಿ ಶಾಪ ಹಾಕಿದ ಮದುವೆ ಒಳ್ಳೇದಾ ರೀ?”

“ನಾವು ಮದುವೆ ಆದಾಗ ಯಾವ ತಾಯಿ ಹರಸೋಕೆ ಬಂದಿದ್ಲು ಹೇಳು.”

ಶಕೂರಾ ಏನು ಹೇಳಬೇಕು? ಹದಿನೇಳು ವರ್ಷದ ಹಿಂದೆ ಜೈಲಿನ ಅಂಗಳದಲ್ಲಿ ಐದು ವರ್ಷ ಮುಗಿಸಿದ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಆಚೆ ಜಮೀನು ಸಿಕ್ಕಿದ ಗಂಡಸು ಕೈದಿಗಳು ಹೆಣ್ಣು ನೋಡಲು ಬಂದಿದ್ದರು. ಒಬ್ಬ ಹಲ್ಲು ನೋಡಿದ, ಒಬ್ಬ ಕೈ ತಿರುಗಿಸಿ ನೋಡಿದ. ಪೀರೂ ಮಾತ್ರ ಅವಳ ಮುಂದೆ ನಿಂತು ಟೋಪಿ ತಿರುವುತ್ತ, ಹಸು ಹಾದೀತೆಂದು ಹೆದರುತ್ತೀಯಾ ಎಂದು ಕೇಳಿದ್ದ. ಇಲ್ಲ ಅಂದಳು. ನಾನು ಹೆದರುತ್ತೇನೆ, ಮನೆಯಲ್ಲಿ ಒಬ್ಬರಾದರೂ ಧೈರ್ಯದವರು ಬೇಕು ಅಂದ. ಅವತ್ತಿನಿಂದ ಇವತ್ತಿನವರೆಗೆ ಅವಳನ್ನು ಅವನು ಕೇಳಿದ ದೊಡ್ಡ ಪ್ರಶ್ನೆ ಅದೊಂದೇ. ಅಂಥವನ ಮುಂದೆ ಈಗ ಬಾಯಿ ತೆರೆಯುವುದು ಹೇಗೆ?

ಗುರುವಾರ ಮಧ್ಯಾಹ್ನ ಅವಳು ಬತೂಲಬಿಯ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಅದೇ ಮೊದಲು. ಬತೂಲಬಿ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಕೂರು ಎನ್ನಲಿಲ್ಲ. ಹೇಗಾದರೂ ಮಾಡಿ ಮಗನನ್ನು ತಡೆ ಎಂದು ಶಕೂರಾ ಬೇಡಿಕೊಂಡಳು.

“ನಾನು ತಡೆದಾಯ್ತು. ಊರೆಲ್ಲ ನನ್ನ ರಾಕ್ಷಸಿ ಅಂತಿದೆ. ನೀನು ತಡಿ. ನಿನ್ನ ಮಗಳನ್ನ ಕೂಡಿಹಾಕು.”

“ಏನು ಹೇಳಿ ತಡೀಲಿ?”

ಬತೂಲಬಿ ಕೈಯಲ್ಲಿದ್ದ ಮೀನನ್ನು ಚಾಪೆಯ ಮೇಲೆ ಬಡಿದಿಟ್ಟಳು. ಗಂಟಲು ತಗ್ಗಿಸಿ, “ನನ್ನ ಬಾಯಿ ಬಿಡಿಸ್ಬೇಡ ಶಕೂರಾ. ಅದನ್ನ ಹೇಳೋಳು ನಾನಲ್ಲ,” ಎಂದಳು.

ಶಕೂರಾ ಒಂದು ಹೆಜ್ಜೆ ಹಿಂದೆ ಸರಿದಳು. ಕಲಮಿನ ಮಾತು! ಇನ್ನೊಂದು ಮಾತು ಹೆಚ್ಚಾದರೆ ಎಲ್ಲರೆದುರು ಅಂದೇ ಬಿಡುತ್ತಾಳೆ ಎಂದುಕೊಂಡಳು. ಏನನ್ನೂ ಕೇಳದೆ ಹಿಂದಿರುಗಿದಳು.

ಶುಕ್ರವಾರ ನಮಾಜು ಮುಗಿಯುತ್ತಲೇ ಪೀರೂನ ಅಂಗಳದಲ್ಲಿ ಮೂವತ್ತು ಜನ ಸೇರಿದರು. ತೆಂಗಿನ ಗರಿಯ ಚಪ್ಪರ, ಒಂದು ದೊಡ್ಡ ಹಂಡೆಯಲ್ಲಿ ಸಿಹಿ ಅನ್ನ. ಗೋಡೆಗೆ ಒರಗಿಸಿದ ಚಾಪೆಯ ಮೇಲೆ ಖೈರಾತಿ ಹೊಸ ಕುರ್ತಾ ತೊಟ್ಟು ಕೂತಿದ್ದ. ಒಳಗೆ ಪರದೆಯ ಹಿಂದೆ ಜೈತೂನಿ. ಅವಳ ಕೆಂಪು ಬಟ್ಟೆಗೆ ಜರಿ ಹೊಲಿದವಳು ಶಕೂರಾಳೇ, ಮೂರು ದಿನ, ಒಂದೊಂದು ಹೊಲಿಗೆಗೂ ಒಂದೊಂದು ಸಲ ನಿರ್ಧಾರ ಬದಲಿಸುತ್ತ. ಹುಡುಗಿ ಅಮ್ಮನ ಬೆರಳು ಹಿಡಿದುಕೊಂಡಿದ್ದಳು. ಕೈ ಬೆಚ್ಚಗಿತ್ತು, ಮೆಹಂದಿಯ ವಾಸನೆ ಬರುತ್ತಿತ್ತು. ಇದೊಂದು ದಿನ ದಾಟಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಶಕೂರಾಳ ಮನಸ್ಸು ಕೊನೆಯ ಸಲ ಪಿಸುಗುಟ್ಟಿತು.

ಮೌಲ್ವಿ ಸಾಹೇಬರು ಮುದುಕರು. ಅವರೂ ಬಿಲ್ಲೆ ಕಟ್ಟಿಕೊಂಡೇ ಬಂದವರು. ಈ ದ್ವೀಪದ ನಿಕಾಹ್‌ಗಳಿಗೆ ಅವರೇ ಒಂದು ಪದ್ಧತಿ ಹಾಕಿದ್ದರು. ಇಲ್ಲಿ ಯಾರ ಕುಲ ಯಾರಿಗೂ ಗೊತ್ತಿಲ್ಲ, ಯಾವ ಊರಿನ ಯಾವ ಕೊಂಬೆ ಎಲ್ಲಿ ಬಂದು ಬಿದ್ದಿದೆಯೋ. ಅದಕ್ಕೇ ಮೊದಲು ಎರಡು ಮಾತು ಕೇಳುತ್ತಿದ್ದರು. ಎಲ್ಲರಿಗೂ ಬಾಯಿಪಾಠವಾಗಿತ್ತು. ಜನ ಅದನ್ನು ಕೇಳುತ್ತಲೇ ಸಿಹಿ ಅನ್ನದ ಕಡೆ ನೋಡುತ್ತಿದ್ದರು.

“ಹುಡುಗ ಹುಡುಗಿ ಒಂದೇ ರಕ್ತವೇ? ತಿಳಿದವರು ಹೇಳಿ.”

ಯಾರೂ ಹೇಳಲಿಲ್ಲ.

“ಒಂದೇ ಹಾಲೇ? ತಿಳಿದವರು ಹೇಳಿ.”

ಪರದೆಯ ಹಿಂದೆ ಶಕೂರಾಳಿಗೆ ತನ್ನ ಅಂಗೈ ಕಂಡಿತು. ಒಂದು ಸಲ ಈ ಕೈಯಿಂದ ಒಂದು ಬಾಯಿ ಮುಚ್ಚಿದ್ದಾಯಿತು. ಈಗ ತನ್ನ ಬಾಯಿ ಮುಚ್ಚಿಕೊಂಡರೆ ಇನ್ನೆರಡು ಜೀವ... ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಎದ್ದಳು. ಪರದೆ ಸರಿಸಿ ಗಂಡಸರ ನಡುವೆ ಬಂದು ನಿಂತಳು.

“ಒಂದೇ ಹಾಲು ಮೌಲ್ವಿ ಸಾಬ್. ಖೈರಾತಿಗೆ ನಾನು ಹಾಲು ಕುಡಿಸಿದೀನಿ. ಹಡಗಲ್ಲಿ. ನಾಲ್ಕು ದಿನ.”

ಪೀರೂ ಎದ್ದವನು ಹಾಗೇ ನಿಂತ. ಮೌಲ್ವಿ ಸಾಹೇಬರು ಬಹಳ ಹೊತ್ತು ಗಡ್ಡ ಸವರಿಕೊಂಡರು. ಆಮೇಲೆ ಅವರು ಹೇಳಿದ್ದು ಇಷ್ಟು. ಒಬ್ಬ ಹೆಂಗಸಿನ ಮಾತಿನ ಮೇಲೆ ಶಾಸ್ತ್ರ ಈ ಮದುವೆಯನ್ನು ಮುರಿಯುವುದಿಲ್ಲ, ಸಾಕ್ಷಿ ಬೇಕು. ನೋಡಿದವರು ಇದ್ದಾರೆಯೇ? ಇಲ್ಲದಿದ್ದರೆ ನೀನು ಹೋಗಿ ಕೂರಬಹುದು, ನಾನು ನಿಕಾಹ್ ಓದಿಸುತ್ತೇನೆ, ಉಳಿದದ್ದು ನಿನಗೂ ಖುದಾಗೂ ಸೇರಿದ್ದು.

ದೇವರು ತೆರೆದಿಟ್ಟ ಬಾಗಿಲಿನಂತಿತ್ತು ಆ ಮಾತು. ಖೈರಾತಿ ಅವಳ ಮುಖವನ್ನೇ ನೋಡುತ್ತಿದ್ದ, ಮುಳುಗುವವನು ಹಗ್ಗ ನೋಡುವ ಹಾಗೆ. ಗುಂಪಿನಲ್ಲಿ ಅದೇ ಹಡಗಲ್ಲಿ ಬಂದಿದ್ದ ಯಾರೋ, ಹಡಗು ಹತ್ತುವಾಗ ಇವಳ ಸೊಂಟದಲ್ಲಿ ಮಗು ಇರಲಿಲ್ಲವಲ್ಲ, ಹಾಲು ಎಲ್ಲಿಂದ ಬಂತು ಎಂದು ಗೊಣಗಿದರು. ಆ ಪ್ರಶ್ನೆ ಬಂದೇ ಬಂತು. ಶಕೂರಾ ಕಣ್ಣು ಮುಚ್ಚಿ, “ನನಗೊಂದು ಮಗು...” ಎಂದು ಶುರುಮಾಡಿದಳು.

“ಜ್ವರ ಬಂದು ಹೋಯ್ತು.”

ಎಲ್ಲರೂ ತಿರುಗಿದರು. ಹಟ್ಟಿಯ ಗೋಡೆಯ ಮರೆಯಿಂದ ಬತೂಲಬಿ ಬಂದಳು. ಬೀಗದ ಕೈ ಸದ್ದಾಗಬಾರದೆಂದು ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಬೆಳಗಿನಿಂದ ಅಲ್ಲೇ ನಿಂತಿದ್ದಳೇನೋ, ಕಾಲಿಗೆಲ್ಲ ಸಗಣಿ ಮೆತ್ತಿತ್ತು.

“ಕಲ್ಕತ್ತೆ ಜೈಲಲ್ಲಿ ಇವಳ ಮಗು ಜ್ವರ ಬಂದು ಹೋಯ್ತು. ಹಾಲು ಇತ್ತು. ನಂದು ಬತ್ತಿತ್ತು. ನಾನೇ ಕೊಟ್ಟೆ ಮಗೂನ. ನಾನೇ ನೋಡಿದೀನಿ. ಸಾಕಾ ಸಾಕ್ಷಿ?”

ಇಬ್ಬರು ತಾಯಂದಿರೂ ಒಂದೇ ಮಾತು ಹೇಳಿದ ಮೇಲೆ ಕಿತಾಬು ಇನ್ನೇನು ಕೇಳೀತು ಎಂದು ಮೌಲ್ವಿ ಸಾಹೇಬರು ಪುಸ್ತಕ ಮುಚ್ಚಿದರು. ಪರದೆಯ ಹಿಂದಿನಿಂದ ಒಂದು ಸದ್ದು ಬಂತು, ಅಳುವೂ ಅಲ್ಲದ್ದು. ಖೈರಾತಿ ತಲೆಯ ಮೇಲಿನ ಹೂವಿನ ಸೆಹರಾ ತೆಗೆದು ಮಡಿಲಲ್ಲಿಟ್ಟುಕೊಂಡ. ಯಾರ ಕಡೆಯೂ ನೋಡದೆ ಎದ್ದು ಕಡಲಿನ ದಾರಿ ಹಿಡಿದ. ಜನ ಸಿಹಿ ಅನ್ನ ಮುಟ್ಟದೆ ಒಬ್ಬೊಬ್ಬರಾಗಿ ಹೋದರು.

ಅಂಗಳ ಬರಿದಾದ ಮೇಲೆ ಹೆಂಗಸರಿಬ್ಬರೂ ಹಟ್ಟಿಯ ಕಟ್ಟೆಯ ಮೇಲೆ ಕೂತರು. ಅವರ ನಡುವೆ ಇನ್ನೂ ಒಬ್ಬರು ಕೂರುವಷ್ಟು ಜಾಗವಿತ್ತು.

“ನೀನು ನೋಡಿದ್ದೆಯಾ ಆಗ?” ಎಂದು ಶಕೂರಾ ಕೇಳಿದಳು.

“ಎರಡನೇ ದಿನ ಎಚ್ಚರ ಆಯ್ತು. ನಿನ್ನ ಮುಸುಕು ಅಲ್ಲಾಡ್ತಿತ್ತು. ಕಣ್ಣು ಮುಚ್ಚಿಕೊಂಡೆ.” ಬತೂಲಬಿ ಕಾಲಿನ ಸಗಣಿಯನ್ನು ಕಡ್ಡಿಯಿಂದ ಕೆರೆಯುತ್ತಿದ್ದಳು. “ನಿನ್ನ ಬಿಲ್ಲೆ ಅಂದ್ರೆ ಏನು ಅಂತ ಅಲ್ಲಿ ಪಹರೆಯವನು ಹೇಳಿದ್ದ ನನಗೆ. ಇಂಥವಳ ಕೈಗೆ ನನ್ನ ಮಗು ಸಿಕ್ತಲ್ಲ ಅಂತ ಎದೆ ಹೊಡಕೊಂಡಿತು. ಕಿತ್ಕೊಬೇಕು ಅಂತಿದ್ದೆ. ಕಿತ್ಕೊಂಡ್ರೆ ಸಾಯುತ್ತೆ. ಮಲಗಿದ ಹಂಗೆ ಬಿದ್ದಿದ್ದೆ... ದಡ ಕಾಣೋ ತನಕ ಕಳ್ಳಿ ಥರ ನಿನ್ನ ಹಾಲು ಕುಡಿಸಿದೆ ಮಗನಿಗೆ. ಆಮೇಲೆ ನಿನ್ನ ಮುಖ ನೋಡಕ್ಕೇ ಆಗ್ಲಿಲ್ಲ. ನಿನ್ನ ಹಸುವಿನ ಹಾಲು ಕಂಡ್ರೂ ಅದೇ ನೆನಪು.”

“ಅದಕ್ಕೇ ಬಂಗಾಲಿ ಹತ್ರ ತರಿಸ್ತಿದ್ದೆಯಾ?”

“ಹೂಂ. ಅರ್ಧ ನೀರು ಹಾಕ್ತಾನೆ ಮುಂಡೇಮಗ.”

ಅಷ್ಟು ಸಂಕಟದಲ್ಲೂ ಶಕೂರಾಳಿಗೆ ನಗು ಬಂತು, ನಗು ಬಂದ ಕಡೆಯಿಂದಲೇ ಅಳುವೂ ಬಂತು. ಮೊನ್ನೆಯೇ ಹೇಳಿಬಿಡಬಾರದಿತ್ತೇ, ಇಷ್ಟೆಲ್ಲ ಬಯ್ಗುಳ ತಿಂದದ್ದು ಯಾಕೆ ಎಂದು ಕೇಳಿದಳು.

“ಹಾಲಿನ ಮಾತು ಎತ್ತಿದ್ರೆ ನಿನ್ನ ಮಗೂ ಮಾತು ಬರ್ತಿತ್ತು. ಅದು ನಿಂದು. ನಾನ್ಯಾರು ಎತ್ತಕ್ಕೆ? ರಾಕ್ಷಸಿ ಅನ್ಸ್ಕೊಳೋದು ನನಗೆ ಅಭ್ಯಾಸ ಇದೆ.” ಬತೂಲಬಿ ಕಡ್ಡಿ ಬಿಸಾಡಿದಳು. “ಜ್ವರ ಬಂದು ಹೋಯ್ತು ಅಂತ ಹೇಳಿದೀನಿ. ಹಂಗೇ ಇರ್ಲಿ. ನಿನ್ನ ಮಗಳಿಗೂ ಅಷ್ಟೇ ಸಾಕು.”

ಅವಳು ಎದ್ದು ಹೋಗುವಾಗ ಬೀಗದ ಕೈ ಸದ್ದು ಮಾಡಲಿಲ್ಲ. ಇನ್ನೂ ಮುಷ್ಟಿಯಲ್ಲೇ ಇತ್ತು.

ಅಷ್ಟೇ ಸಾಕಾಗುತ್ತಿತ್ತು. ಪೀರೂ ಎಂದಿನಂತೆ ಏನೂ ಕೇಳಲಿಲ್ಲ. ಹೆಂಡತಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಇವತ್ತು ಹಸುಗಳನ್ನು ನಾನೇ ಕರೆಯುತ್ತೇನೆಂದು ತಂಬಿಗೆ ಇಸಿದುಕೊಂಡು ಹೋದ. ಕೆಂದಿ ಒದ್ದದ್ದೂ ಅವನು ಬಯ್ದದ್ದೂ ಒಳಗೆ ಕೇಳಿಸಿತು. ಜೈತೂನಿ ಕೆಂಪು ಬಟ್ಟೆಯಲ್ಲೇ ಗೋಡೆಗೆ ಮುಖ ಹಾಕಿ ಮಲಗಿದ್ದಳು. ಅವಳ ಬೆನ್ನು ನೋಡುತ್ತ ಕೂತ ಶಕೂರಾಳಿಗೆ ಬತೂಲಬಿ ಕೊಟ್ಟುಹೋದ ಸುಳ್ಳು ಬೆಚ್ಚಗಿನ ಕಂಬಳಿಯಂತೆ ಅನ್ನಿಸಿತು. ಹೊದ್ದುಕೊಂಡರಾಯಿತು. ಆದರೆ ಈ ಹುಡುಗಿ ಇವತ್ತು ತನ್ನ ಬಾಳನ್ನೇ ಬಿಟ್ಟುಕೊಟ್ಟಿದ್ದಾಳೆ. ಯಾತಕ್ಕೆ ಬಿಟ್ಟುಕೊಟ್ಟೆ ಎಂಬುದಾದರೂ ಅವಳಿಗೆ ನಿಜವಾಗಿ ತಿಳಿಯಬೇಡವೇ?

ಅಕ್ಕಿಯ ಮಡಕೆಗೆ ಮೊಣಕೈ ತನಕ ಕೈಹಾಕಿ ಬಿಲ್ಲೆ ತೆಗೆದಳು. ಮಗಳ ಪಕ್ಕ ಕೂತು, ಅದನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಹೊಟ್ಟಿನ ಕೋಣೆಯಿಂದ ಶುರುಮಾಡಿದಳು. ಹುಕ್ಕಾದ ಗುಡುಗುಡು, ತನ್ನ ಅಂಗೈ, ಐದು ತಿಂಗಳು ಬಿಗಿದ ಬಟ್ಟೆ, ಹಡಗಿನಲ್ಲಿ ಬೆಕ್ಕಿನ ಮರಿಯಂತೆ ಕೀರಿದ ಅಳು. ಏನನ್ನೂ ಬಿಡಲಿಲ್ಲ, ತನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ. ಮುಗಿಸಿ ಕೈಗಳೆರಡನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಜೈತೂನಿ ಗೋಡೆಯ ಕಡೆ ಮುಖವಿಟ್ಟುಕೊಂಡೇ ಕೇಳಿದಳು.

“ಹೆಣ್ಣಾ ಗಂಡಾ ಅಮ್ಮಾ?”

ಇಪ್ಪತ್ತೆರಡು ವರ್ಷದಲ್ಲಿ ಪೊಲೀಸಿನವರು, ವಕೀಲರು, ಜಡ್ಜು, ಜೈಲಿನವರು ಏನೇನೋ ಕೇಳಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ಹೆಣ್ಣು,” ಎಂದಳು ಶಕೂರಾ.

“ಹೆಸರಿಟ್ಟಿದ್ದೆಯಾ?”

“ಇಲ್ಲ ಕಂದ... ಹೆಸರಿಡುವಷ್ಟು ಹೊತ್ತು ಇರಲಿಲ್ಲ.”

ಹುಡುಗಿ ಹೊರಳಿದಳು. ಅತ್ತು ಅತ್ತು ಮುಖ ಊದಿತ್ತು, ಕಾಡಿಗೆ ಕೆನ್ನೆಯ ತನಕ ಇಳಿದಿತ್ತು.

“ನನಗೊಬ್ಬಳು ಅಕ್ಕ ಇದ್ಲು ಹಂಗಾದ್ರೆ,” ಎಂದಳು. “ಅಣ್ಣನೂ ಇದಾನೆ, ಅಕ್ಕನೂ ಇದ್ಲು. ಒಂದೇ ದಿನ ಎರಡೂ ಗೊತ್ತಾಯ್ತು. ಮದುವೆ ಒಂದು ಆಗ್ಲಿಲ್ಲ, ಅಷ್ಟೇ...”

ಆಮೇಲೆ ತಾಯಿಯ ಸೆರಗಿನೊಳಗೆ ಕೈ ತೂರಿಸಿ, ಬಚ್ಚಿಟ್ಟಿದ್ದ ಕೈಯೊಂದನ್ನು ಹೊರಗೆಳೆದಳು. ಅದರ ಮೇಲೆ ಕೆನ್ನೆಯಿಟ್ಟು ಮಲಗಿ ಮತ್ತೆ ಅಳತೊಡಗಿದಳು. ಈ ಸಲ ಜೋರಾಗಿ ಅತ್ತಳು, ಅಂಗಳಕ್ಕೆಲ್ಲ ಕೇಳುವ ಹಾಗೆ. ಶಕೂರಾ ತಡೆಯಲಿಲ್ಲ. ಅಳಲಿ, ಬಾಯಿ ತುಂಬ ಅಳಲಿ ಎಂದು ಇನ್ನೊಂದು ಕೈಯಿಂದ ಬೆನ್ನು ಸವರುತ್ತ ಕೂತಳು.

ಮಾತಿಗೆ ಅಣ್ಣ ಎಂದರೂ ಮನಸ್ಸು ಅಷ್ಟು ಬೇಗ ದಾರಿ ಬದಲಿಸುವುದಿಲ್ಲ. ಖೈರಾತಿ ಎರಡು ತಿಂಗಳು ಆ ಇಳಿಜಾರು ಹತ್ತಲಿಲ್ಲ. ಹತ್ತಿದ ಮೇಲೂ ಬೇಲಿಯ ಆಚೆ ನಿಂತು, “ಅಮ್ಮಾ, ಮೀನು,” ಎಂದು ಕೂಗಿ, ಬುಟ್ಟಿಯನ್ನು ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದ. ಮೊದಲು ಅವನು ಶಕೂರಾಳನ್ನು ಕರೆಯುತ್ತಿದ್ದದ್ದು ಖಾಲಾ, ಅಂದರೆ ಚಿಕ್ಕಮ್ಮ, ಎಂದು. ಆ ಕೂಗು ಕೇಳಿದರೆ ಜೈತೂನಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಶಕೂರಾ ಅವಸರಪಡಿಸಲಿಲ್ಲ. ಕೆಂಪು ಬಟ್ಟೆಯ ಜರಿಯನ್ನು ಬಿಚ್ಚಿ ಸುತ್ತಿಟ್ಟಳು, ಮುಂದೆ ಬೇಕಾಗುತ್ತದೆ ಎಂದು.

ಮಳೆಗಾಲ ಕಳೆದು ಗದ್ದೆಯ ನೀರು ಬತ್ತುವ ಹೊತ್ತಿಗೆ, ಒಂದು ಬೆಳಿಗ್ಗೆ ಹೊಸ್ತಿಲಿನ ಆಚೆ ಬೀಗದ ಕೈ ಸದ್ದಾಯಿತು. ಬತೂಲಬಿ ನಿಂತಿದ್ದಳು. ಕೈಯಲ್ಲಿ ತೊಳೆದು ಬೆಳಗಿದ ಹಿತ್ತಾಳೆ ಚೊಂಬು.

“ಹಾಲಿದೆಯಾ?”

ಶಕೂರಾ ಒಲೆಯ ಮುಂದಿದ್ದಳು, ಏಳುವಷ್ಟರಲ್ಲಿ ಜೈತೂನಿ ಪಾತ್ರೆ ಹಿಡಿದು ಹೊಸ್ತಿಲಿಗೆ ಹೋಗಿದ್ದಳು. ಬತೂಲಬಿ ಹುಡುಗಿಯ ಮುಖ ನೋಡಿದಳು, ನೆಲ ನೋಡಿದಳು. ಕಪ್ಪಾದರೂ ಲಕ್ಷಣವಾಗಿದ್ದೀಯಾ ಎಂದು ತನ್ನಷ್ಟಕ್ಕೆ ಗೊಣಗಿದಳು. ಜೈತೂನಿ ಚೊಂಬಿಗೆ ಒಂದು ಸೇರು ಅಳೆದು ಹಾಕಿದಳು. ಆಮೇಲೆ ಪಾತ್ರೆಯನ್ನು ಮತ್ತೆ ಓರೆಮಾಡಿ ಚೊಂಬಿನ ಕಂಠದ ತನಕ ತುಂಬಿಸಿದಳು.

“ಇಷ್ಟೊಂದು ಯಾಕೆ? ನಾನು ಕೇಳಿದ್ದು ಒಂದು ಸೇರು,” ಎಂದಳು ಬತೂಲಬಿ.

“ಮೇಲಿಂದು ಅಣ್ಣನಿಗೆ,” ಎಂದಳು ಜೈತೂನಿ. ಹಾಲು ತುಳುಕದ ಹಾಗೆ ಚೊಂಬನ್ನು ಅವಳ ಎರಡು ಕೈಗಳ ನಡುವೆ ಇಟ್ಟು, ರೊಟ್ಟಿ ತಟ್ಟಲು ಒಳಗೆ ಹೋದಳು.